ಅಕ್ಕಲಕೋಟೆಯ ಭೋಸಲೆ, ಪಾರದದ ಲೋಖಂಡೆ



ಅಕ್ಕಲಕೋಟೆಯ ಅರಸರ ಅಡ್ಡಹೆಸರು ಭೋಸಲೆ. ಆದರೆ ಆ ಮನೆತನದ ಮೂಲಪುರುಷ ಹುಟ್ಟಿದ್ದು ಭೋಸಲೆಯವರ ಮನೆಯಲ್ಲಲ್ಲ. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ಮೊಗಲರ ಸೆರೆಯಿಂದ ಬಿಡುಗಡೆಯಾದ ಶಾಹೂ ಮಹಾರಾಜರು ಸಾತಾರೆಯ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಪಾರದ ಎಂಬ ಹಳ್ಳಿಯ ಪಾಟೀಲ, ಲೋಖಂಡೆ ಮನೆತನದವನು, ಅವರನ್ನು ಎದುರಿಸಿ ಕಾಳಗದಲ್ಲಿ ಸತ್ತ. ಅವನ ಹೆಂಡತಿ ಕೂಸು ರಾಣೋಜಿಯನ್ನು ತಂದು ಮಹಾರಾಜರ ಕಾಲಬಳಿ ಇಟ್ಟಳಂತೆ. ಗೆಲುವಿನ ನೆನಪಿಗೆ ಶಾಹೂ ಅದಕ್ಕೆ ಫತ್ತೇಸಿಂಹ ಎಂದು ಹೆಸರಿಟ್ಟು, ಮಗನಂತೆ ಸಾಕಿ, ತಮ್ಮ ಅಡ್ಡಹೆಸರನ್ನೇ ಕೊಟ್ಟರು. ಮುಂದೆ ಅಕ್ಕಲಕೋಟೆಯ ಜಹಗೀರು ಅವರದಾಯಿತು.

ಈಗ ಉಗುಳಿನ ಪರೀಕ್ಷೆಯಿಂದ ವಂಶದ ಮೂಲ ಹೇಳುತ್ತೇವೆ ಎನ್ನುವವರಿದ್ದಾರೆ. ಅದರ ಮರ್ಮ ಇಷ್ಟೇ: ವೈ ಕ್ರೋಮೊಸೋಮ್ ಎಂಬುದು ಅಪ್ಪನಿಂದ ಮಗನಿಗೆ ಮಾತ್ರ, ಬಹುಮಟ್ಟಿಗೆ ಬದಲಾಗದೆ ಇಳಿಯುತ್ತದೆ. ಅಡ್ಡಹೆಸರೂ ಹಾಗೆಯೇ ಇಳಿಯುತ್ತದೆ. ಎರಡನ್ನೂ ಕೂಡಿಸಿ ನೋಡುವ ಕೆಲಸ ಬ್ರಿಟನ್ನಿನಲ್ಲಿ ಬಹಳ ನಡೆಯಿತು. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್ ಕುಲದವರು 1164ರಲ್ಲಿ ಮಡಿದ ಸಾಮರ್ಲೆಡ್ ಎಂಬ ವೀರನನ್ನು ತಮ್ಮ ಮೂಲಪುರುಷ ಎನ್ನುತ್ತಾರೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಅವರ ಕುಲನಾಯಕರನ್ನು ಪರೀಕ್ಷಿಸಿದಾಗ ಎಲ್ಲರಲ್ಲೂ ಒಂದೇ ಗುರುತು ಕಂಡಿತು. ಸೋಜಿಗವೆಂದರೆ ಅದು ನಾರ್ವೆ ಕಡೆಯ ಗುರುತು. ಅದೇ ಅಡ್ಡಹೆಸರಿನ ಹೆಚ್ಚಿನ ಜನಸಾಮಾನ್ಯರಲ್ಲಿ ಆ ಗುರುತೇ ಇರಲಿಲ್ಲ. ನಾಯಕನ ಆಶ್ರಯಕ್ಕೆ ಬಂದವರು ಅವನ ಹೆಸರನ್ನೂ ಇಟ್ಟುಕೊಳ್ಳುತ್ತಿದ್ದ ಕಾಲ ಅದು.

ನಮ್ಮಲ್ಲೂ ಭೋಸಲೆಯವರ ಮೂಲದ ಬಗ್ಗೆ ವಾದವಿದೆ. 1674ರ ಪಟ್ಟಾಭಿಷೇಕದ ಹೊತ್ತಿಗೆ ಶಿವಾಜಿ ಮಹಾರಾಜರ ವಂಶವನ್ನು ಮೇವಾಡದ ಸಿಸೋದಿಯರಿಗೆ ಜೋಡಿಸಲಾಯಿತು. ಮರಾಠಿಯ ಹಿರಿಯ ಸಂಶೋಧಕ ರಾ. ಚಿಂ. ಢೇರೆ ಅವರು 2001ರಲ್ಲಿ ಶಿಖರ ಶಿಂಗಣಾಪುರದ ಶಂಭು ಮಹಾದೇವನನ್ನು ಕುರಿತು ಬರೆದ ಗ್ರಂಥದಲ್ಲಿ ಬೇರೆಯೇ ದಾರಿ ತೋರಿಸಿದರು: ಭೋಸಲೆ ಎಂದರೆ ಹೊಯ್ಸಳ, ಅವರ ಪೂರ್ವಿಕರು ಗದಗ ಸೀಮೆಯ ಸೊರಟೂರಿನಿಂದ ಬಂದವರು. ಕನ್ನಡಿಗರಿಗೆ ಕೇಳಲು ಹಿತವಾದ ಮಾತು. ಹಿತವೆಂದೇ ನಾವು ಎಚ್ಚರವಾಗಿರಬೇಕು. ರಕ್ತದಿಂದ ಇದನ್ನು ತೀರ್ಮಾನಿಸಲು ಹೊರಟರೂ ಅಕ್ಕಲಕೋಟೆಯ ಮನೆತನ ಸಾಕ್ಷಿಗೆ ಬಾರದು. ಫತ್ತೇಸಿಂಹರಲ್ಲಿ ಇದ್ದದ್ದು ಪಾರದದ ಪಾಟೀಲನ ಗುರುತು, ಶಾಹೂ ಮಹಾರಾಜರದಲ್ಲ. ಹಾಗೆಂದು ಅವರು ಭೋಸಲೆಯವರಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ನಮ್ಮ ನಿಮ್ಮ ಮನೆಯ ಮಾತಿಗೆ ಬನ್ನಿ. ಮೈಂದರ್ಗಿ ಬಿಟ್ಟು ಸೋಲಾಪುರಕ್ಕೆ ಬಂದವ ಮೈಂದರ್ಗಿಕರ್. ಅವನ ಹಿಂದೆ ಬಂದ ಬೇರೆ ಜಾತಿಯವನೂ ಮೈಂದರ್ಗಿಕರ್. ಇಬ್ಬರ ರಕ್ತ ಹೊಂದಬೇಕೆಂದರೆ ಹೇಗೆ? ಇನ್ನು, ಮೂಲ ಕನ್ನಡವೋ ಮರಾಠಿಯೋ ಎಂಬ ನಮ್ಮ ಹಳೆಯ ಜಗಳವನ್ನು ಆ ಪರೀಕ್ಷೆ ಬಿಡಿಸಲಾರದು. ಅಪ್ಪನ ಅಪ್ಪನ ಅಪ್ಪ ಎಂಬ ಒಂದೇ ಎಳೆ ಹಿಡಿದು ಹೋಗುವ ಅದು ತಾಯಿಯ ತವರನ್ನು ಕೇಳುವುದೇ ಇಲ್ಲ. ಗಡಿಯಲ್ಲಿ ಮನೆಯ ಮಾತು ಎಷ್ಟೋ ಸಲ ಸೊಸೆಯ ಸಂಗಡ ಬಂದದ್ದು.

ವಂಶದ ಚೋಪಡಿ ಹಿಡಿದು ಹೆಳವರು ನಿಮ್ಮ ಬಾಗಿಲಿಗೆ ಬಂದರೆ ಕಾಳು ಹಾಕಿ ಕಳಿಸಿಬಿಡಬೇಡಿ. ಕೂಡಿಸಿಕೊಂಡು ಓದಿಸಿ. ಯಾವ ತಲೆಮಾರಿನಲ್ಲಿ, ಯಾವ ಊರಿನಿಂದ, ಯಾರ ಮಗ ದತ್ತಕ ಬಂದ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ.