ಬದುಕಿರುವ ಯೋಧನಿಗೊಂದು ಕಟ್ಟು: ಆಲ್ಕೊಳದ ಪದಕಗಳ ಕುರಿತು ಒಂದು ಟಿಪ್ಪಣಿ

ಶಿವಮೊಗ್ಗದ ಸಾಗರ ರಸ್ತೆಯ ಆಲ್ಕೊಳದಲ್ಲಿ ನನ್ನ ಹಿರಿಯ ಸ್ನೇಹಿತರೊಬ್ಬರಿದ್ದಾರೆ. ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸ್ಯಾಪರ್ ಆಗಿ ಸೇರಿ, 1971ರ ಯುದ್ಧದ ಹೊತ್ತಿಗೆ ಪಶ್ಚಿಮ ಗಡಿಯಲ್ಲಿದ್ದವರು. ಅವರ ಪದಕ, ಪಟ, ಕಾಗದಗಳನ್ನು ಗಾಜು ಹಾಕಿದ ಒಂದು ಕಟ್ಟಿನಲ್ಲಿ ಜೋಡಿಸಿ ಅವರಿಗೇ ಕೊಡಬೇಕೆಂದು ಗೆಳೆಯರೆಲ್ಲ ನಿಶ್ಚಯಿಸಿದಾಗ, ಶಾಸನ ಓದುವವನೆಂಬ ಕಾರಣಕ್ಕೆ ಬರಹದ ಹೊಣೆ ನನ್ನ ಮೇಲೆ ಬಿತ್ತು. ವಿಷಯ ತಿಳಿದಾಗ ಅವರ ಮನೆಯವರಿಗೆ ಅಳುಕಾಯಿತು. ‘ಇವರಿನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರಲ್ಲ, ಈಗಲೇ ಕಟ್ಟು ಹಾಕಿಸಿ ಗೋಡೆಗೆ ಹಾಕೋದಾ?’ ಎಂದರು. ಆ ಮಾತನ್ನು ಹಗುರವಾಗಿ ಕಾಣಲು ನನಗೆ ಆಗಲಿಲ್ಲ. ನಮ್ಮ ಮನೆಗಳ ನಡುಮನೆಯ ಗೋಡೆಯಲ್ಲಿ ಒಬ್ಬರೇ ಇರುವ ದೊಡ್ಡ ಪಟವೆಂದರೆ ಸಾಮಾನ್ಯವಾಗಿ ತೀರಿಕೊಂಡವರದು. ಅದಕ್ಕೆ ಗಂಧದ ಹಾರ ಬೀಳುತ್ತದೆ, ಗಾಜಿನ ಮೇಲೆ ಕುಂಕುಮದ ಬೊಟ್ಟು ಕೂರುತ್ತದೆ. ಯೋಧನ ನೆನಪಿನ ವಿಷಯದಲ್ಲಂತೂ ನಮ್ಮ ಕಣ್ಣಿಗೆ ಮೊದಲು ಬರುವುದು ವೀರಗಲ್ಲು. ಶಿಕಾರಿಪುರ, ಸೊರಬದ ಕಡೆ ದೇವಸ್ಥಾನಗಳ ಅಂಗಳದಲ್ಲಿ ಅವು ಸಾಲಾಗಿ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದ ವೀರ. ಆ ಶಿಲ್ಪದ ಕಥೆ ಶುರುವಾಗುವುದೇ ಸಾವಿನಿಂದ.

ಆದರೆ ಕನ್ನಡದ ದಾಖಲೆಗಳಲ್ಲಿ ಇನ್ನೊಂದು ಸಂಪ್ರದಾಯವಿದೆ, ಅದು ವೀರಗಲ್ಲಿನಷ್ಟೇ ಹಳೆಯದು. ಅದು ಗೆದ್ದು ಬಂದವನನ್ನು ಎದುರಿಗೆ ನಿಲ್ಲಿಸಿಕೊಂಡು ಗೌರವಿಸುವುದು. ಆಲ್ಕೊಳದ ಕಟ್ಟು ಈ ಎರಡನೆಯ ಸಾಲಿಗೆ ಸೇರಬೇಕು, ಆ ಸಾಲಿನ ಶಾಸನಗಳು ಏನನ್ನು ಬರೆದವೋ ಅದನ್ನೇ ಬರೆಯಬೇಕು ಎಂಬುದು ನನ್ನ ವಾದ.

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಶಾಲೆಯಲ್ಲಿ ನಾವೆಲ್ಲ ಕನ್ನಡದ ಮೊದಲ ಶಾಸನವೆಂದು ಓದಿದ್ದೇವೆ. (ನಮ್ಮದೇ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಿಂದಿನದೆಂಬ ವಾದ ಬಂದ ಮೇಲೆ ಆ ಮಾತು ಚರ್ಚೆಗೊಳಗಾಗಿದೆ.) ಹಲ್ಮಿಡಿ ಶಾಸನ ಕನ್ನಡದ್ದೆಂಬ ಹೆಮ್ಮೆಯಲ್ಲಿ ಅದರೊಳಗೆ ಏನಿದೆ ಎಂಬುದನ್ನು ಮರೆಯುತ್ತೇವೆ. ಯುದ್ಧದಲ್ಲಿ ಹೋರಾಡಿದ ವಿಜ ಅರಸನೆಂಬವನಿಗೆ ಸೇಂದ್ರಕ ಮತ್ತು ಬಾಣ ನಾಡುಗಳ ವೀರರ ಸಮಕ್ಷಮದಲ್ಲಿ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’ ಕೊಟ್ಟ ವಿವರ ಅದು. ಬಾಳ್ಗಳ್ಚು ಎಂದರೆ ಯೋಧನ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಹಾಗೆ ನೋಡಿದರೆ ಇದು ಸತ್ತವನ ಸ್ಮಾರಕವಲ್ಲ, ಬದುಕಿ ಬಂದವನ ಸನ್ಮಾನ. ಸನ್ಮಾನಕ್ಕೆ ಸಾಕ್ಷಿಗಳಾಗಿ ನಿಂತವರು ಯಾರು ಎಂಬುದನ್ನೂ ಅದು ಬಿಡದೆ ಹೇಳುತ್ತದೆ.

ಇನ್ನೂ ತುಂಬಿದ ಉದಾಹರಣೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949–50ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಅದೇ ರಣದಲ್ಲಿ ಬೂತುಗನ ಕಡೆಯ ಮಣಲೇರನೆಂಬ ವೀರ ಮೆರೆದ. ಮೆಚ್ಚಿದ ಒಡೆಯ ಏನು ಬೇಕೋ ಕೇಳಿಕೋ ಎಂದಾಗ ಮಣಲೇರ ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲು ನಿಂತದ್ದು ಕಾಳಿಯ ನೆನಪಿಗೆ. ಆ ಕಲ್ಲಿನ ಮೇಲೆಯೇ ಮಣಲೇರನ ಪರಾಕ್ರಮವೂ, ಅವನಿಗೆ ಬಾಳ್ಗಚ್ಚಾಗಿ ಬಂದ ಊರುಗಳೂ ದಾಖಲಾದವು. ಕಲ್ಲಿಗೆ ಬಿಟ್ಟ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶೈವ ಅರ್ಚಕ) ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂಬ ಎಚ್ಚರಿಕೆಯೂ ಇದೆ.

ಯುದ್ಧ ಯಾವುದು, ಯಾರ ಕೈಕೆಳಗೆ, ಎದುರು ಯಾರು, ಏನು ಮಾಡಿದ, ಏನು ಪಡೆದ, ಮುಂದೆ ನೋಡಿಕೊಳ್ಳುವವರು ಯಾರು – ಇಷ್ಟನ್ನೂ ಆತಕೂರಿನ ಕಲ್ಲು ಹೇಳುತ್ತದೆ. ಇವತ್ತು ಅಂಗಡಿಗಳಲ್ಲಿ ಕಟ್ಟು ಹಾಕಿ ಕೊಡುವ ಪದಕಗಳ ಪೆಟ್ಟಿಗೆಗಳಲ್ಲಿ ಈ ವಿವರಗಳಲ್ಲಿ ಒಂದೂ ಇರುವುದಿಲ್ಲ. ಮಖಮಲ್ಲಿನ ಮೇಲೆ ಪದಕಗಳು, ಕೆಳಗೆ ಹಿತ್ತಾಳೆ ತಗಡಿನಲ್ಲಿ ಹೆಸರು, ಅದರ ಕೆಳಗೆ ದೇಶಭಕ್ತಿಯ ಒಂದು ಸಾಲು; ಅದು ಯಾರ ಹೆಸರಿಗಾದರೂ ಹೊಂದುತ್ತದೆ. ಐವತ್ತು ವರ್ಷ ಕಳೆದ ಮೇಲೆ ಮೊಮ್ಮಗಳು ಆ ಗಾಜಿನ ಮುಂದೆ ನಿಂತರೆ ಅಜ್ಜ ಸೈನ್ಯದಲ್ಲಿದ್ದರು ಎಂಬುದಷ್ಟೇ ತಿಳಿದೀತು.

ಆದ್ದರಿಂದ ಮೊದಲ ಕೆಲಸ ಓದುವುದು. ನಮ್ಮ ಸ್ನೇಹಿತರಲ್ಲಿ ಸ್ಟೀಲ್ ಡಬ್ಬಿಯೊಂದರಲ್ಲಿ ಪದಕಗಳಿದ್ದವು: ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಪದಕ, ಒಂಬತ್ತು ವರ್ಷಗಳ ಸೇವೆಯ ಪದಕ. ಇವುಗಳಲ್ಲಿ ಶೌರ್ಯ ಪ್ರಶಸ್ತಿ ಒಂದೂ ಇಲ್ಲ, ಎಲ್ಲವೂ ಸೇವೆಯನ್ನು ಹೇಳುವಂಥವು. ಆದರೆ ಸೇವಾಪದಕ ಶೌರ್ಯಪದಕಕ್ಕಿಂತ ಕಡಿಮೆ ಮಾತಾಡುತ್ತದೆ ಎಂದುಕೊಳ್ಳಬಾರದು. ಸಂಗ್ರಾಮ್ ಮೆಡಲ್ 1971ರ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಸಿಕ್ಕಿತು. ಪಶ್ಚಿಮೀ ಸ್ಟಾರ್ ಮಾತ್ರ ಪಶ್ಚಿಮ ರಣರಂಗದಲ್ಲಿ ಇದ್ದವರಿಗೆ. ಪೂರ್ವದಲ್ಲಿದ್ದವರಿಗೆ ಪೂರ್ವೀ ಸ್ಟಾರ್. ಒಂದು ನಕ್ಷತ್ರ ನೋಡಿದರೆ ಮನುಷ್ಯ ಡಿಸೆಂಬರ್ 1971ರಲ್ಲಿ ಯಾವ ದಿಕ್ಕಿಗೆ ಮುಖ ಮಾಡಿದ್ದ ಎಂಬುದು ಗೊತ್ತಾಗುತ್ತದೆ. 25ನೇ ವರ್ಷದ ಪದಕ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದುದಕ್ಕೆ ಸಾಕ್ಷಿ.

ಸಂಗ್ರಾಮ್ ಮೆಡಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಅದರ ಅಂಚನ್ನು ನೋಡಿ. ಅಲ್ಲಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ದಳ ಸಣ್ಣಗೆ ಕೊರೆದಿರುತ್ತದೆ. ಅದನ್ನು ಡಿಸ್ಚಾರ್ಜ್ ಬುಕ್ಕಿನ ಜೊತೆ ಒಂದೊಂದು ಅಂಕಿಯಾಗಿ ತಾಳೆ ಹಾಕಬೇಕು. ಎಷ್ಟೋ ಮನೆಗಳಲ್ಲಿ ಕಳೆದುಹೋದ ಪದಕದ ಜಾಗಕ್ಕೆ ದಂಡುಪ್ರದೇಶದ ಅಂಗಡಿಯಿಂದ ತಂದ ನಕಲು ಕೂತಿರುತ್ತದೆ. ಅದನ್ನು ಕಟ್ಟಿನಲ್ಲಿ ಇಡುವುದು ತಪ್ಪಲ್ಲ, ನಕಲು ಎಂದು ಬರೆಯದಿರುವುದು ತಪ್ಪು. ಹಾಗೆಯೇ ಹಬ್ಬಕ್ಕೆ ಬ್ರಾಸೋ ಹಾಕಿ ಪದಕ ತಿಕ್ಕುವ ಪದ್ಧತಿ ನಿಲ್ಲಬೇಕು. ಪ್ರತಿ ಸಲ ಉಜ್ಜಿದಾಗಲೂ ಅಂಚಿನ ಅಕ್ಷರ ಸವೆಯುತ್ತದೆ. ಹೊಳಪು ಬಂದ ಮೇಲೆ ಹೆಸರೇ ಹೋದರೆ ಉಳಿಯುವುದು ಬರೀ ಲೋಹ. ಜೋಡಿಸುವಾಗ ಅಧಿಕೃತ ಶ್ರೇಣಿಯೇ ಕ್ರಮ: ನೋಡುವವನ ಎಡಗಡೆ ಮೊದಲು ಸ್ಟಾರ್, ಆಮೇಲೆ ಸಂಗ್ರಾಮ್ ಮೆಡಲ್. ಅಂದಕ್ಕಾಗಿ ದೊಡ್ಡದನ್ನು ನಡುವೆ ಇಡುವುದು ಓದುವವನ ದಾರಿ ತಪ್ಪಿಸುತ್ತದೆ. ರಾಷ್ಟ್ರಧ್ವಜದ ಬಟ್ಟೆಯನ್ನೇ ಹಾಸಿ ಅದಕ್ಕೆ ಪದಕ ಚುಚ್ಚುವುದನ್ನೂ ಕಂಡಿದ್ದೇನೆ. 2002ರ ಧ್ವಜ ಸಂಹಿತೆಯ ಆಶಯಕ್ಕೆ ಅದು ಒಪ್ಪುವಂಥದ್ದಲ್ಲ.

ಮಲೆನಾಡಿನ ಅಂಚಿನ ಊರಿನಲ್ಲಿ ಮಳೆಗಾಲದ ಶೀತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟು ಹಾಕಿಸುವಂತಿಲ್ಲ. ಪ್ಲೈವುಡ್ ಮತ್ತು ಎಂ.ಡಿ.ಎಫ್. ಹಲಗೆಗಳಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ ಲೋಹವನ್ನು ತಿನ್ನುತ್ತದೆ, ಅಗ್ಗದ ರಟ್ಟು ಕಾಗದವನ್ನು ಹಳದಿ ಮಾಡುತ್ತದೆ. ಆದ್ದರಿಂದ ಚೌಕಟ್ಟಿಗೆ ಚೆನ್ನಾಗಿ ಒಣಗಿದ ಸಾಗುವಾನಿ ಆದರೂ, ಪದಕ ಕೂರುವ ಹಾಸಿಗೆ ಆಮ್ಲರಹಿತ ರಟ್ಟು ಮತ್ತು ಒಗೆದು ಒಣಗಿಸಿದ ಹತ್ತಿ ಬಟ್ಟೆ. ಅಂಟು ಬೇಡವೇ ಬೇಡ, ರಿಬ್ಬನ್ನನ್ನು ಹತ್ತಿ ದಾರದಲ್ಲಿ ಹೊಲಿಯಬೇಕು, ಯಾವತ್ತಾದರೂ ಬಿಚ್ಚುವಂತಿರಬೇಕು. ಗಾಜು ಪದಕಕ್ಕೆ ತಾಗಬಾರದು. ಮಳೆ ಬಡಿಯುವ ಗೋಡೆಗೆ ತೂಗುಹಾಕಿದರೆ ಒಂದೇ ಆಷಾಢಕ್ಕೆ ಹಿಂಬದಿ ಬೂಷ್ಟು ಹಿಡಿಯುತ್ತದೆ. ಒಳಗೋಡೆ ಒಳ್ಳೆಯದು, ಅದಕ್ಕೂ ಕಟ್ಟಿಗೂ ನಡುವೆ ಗಾಳಿಯಾಡಲು ನಾಲ್ಕು ಮೂಲೆಗೆ ಕಾರ್ಕಿನ ತುಂಡು. ನೇರ ಬಿಸಿಲೂ ಸಲ್ಲದು, ರಿಬ್ಬನ್ನಿನ ಬಣ್ಣವೇ ಪದಕದ ಗುರುತು. ಡಿಸ್ಚಾರ್ಜ್ ಬುಕ್ಕಿನ ಮೂಲಪ್ರತಿ ಗೋಡೆಗೆ ಹೋಗಲೇಕೂಡದು: ಪಿಂಚಣಿಗೂ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸೌಲಭ್ಯಗಳಿಗೂ ಮುಂದೆ ಮನೆಯವರಿಗೆ ಅದು ಬೇಕಾಗುತ್ತದೆ. ಕಟ್ಟಿಗೆ ಬಣ್ಣದ ನಕಲು ಸಾಕು, ಅದರಲ್ಲೂ ಸೇನಾ ಸಂಖ್ಯೆ ಮುಚ್ಚಿ.

ಹಿಂಬದಿಯನ್ನು ಮೊಳೆ ಹೊಡೆದು ಮುಚ್ಚದೆ ತಿರುಪು ಹಾಕಿಸಲು ಹೇಳಿದ್ದೇನೆ. ಯುದ್ಧದ ದಾಖಲೆ ಯುದ್ಧ ಮುಗಿದ ದಿನ ಮುಗಿಯುವುದಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ. ತಮ್ಮ ಮಿಸ್ಟಿಯರ್ ವಿಮಾನದಿಂದ ಅದಕ್ಕಿಂತ ಬಹು ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಕೆಡವಿದ ಸಂಗತಿ ಬೆಳಕಿಗೆ ಬಂದದ್ದು ಎದುರು ಪಕ್ಷದ ಕಥನದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ಯಾರ ಕಟ್ಟಿಗಾದರೂ ಇನ್ನೊಂದು ಹಾಳೆ ಸೇರುವ ಸಂಭವ ಇದ್ದೇ ಇದೆ.

ಇಷ್ಟೆಲ್ಲ ಯೋಚಿಸಿ ಪದಕಗಳನ್ನು ನಡುವೆ ಇಟ್ಟು ನಕ್ಷೆ ಬರೆದು ತೋರಿಸಿದಾಗ ಸ್ನೇಹಿತರು ಒಪ್ಪಲಿಲ್ಲ. ಮಣಲೇರನನ್ನು ಬೂತುಗ ಕೇಳಿದಂತೆ ನಾವೂ ಏನು ಬೇಕು ಎಂದು ಕೇಳಬೇಕಿತ್ತು; ಕೇಳಿದೆವು. ಅವರು ಟ್ರಂಕಿನ ತಳದಿಂದ ಪೋಸ್ಟ್‌ಕಾರ್ಡ್ ಗಾತ್ರದ ಒಂದು ಕಪ್ಪು-ಬಿಳುಪು ಪಟ ತೆಗೆದರು. ಹುಡುಗರ ಒಂದು ಸೆಕ್ಷನ್, ಮುಂದಿನ ಸಾಲು ಕುಕ್ಕರುಗಾಲಲ್ಲಿ. ‘ಇದು ನಡುವೆ ಇರಲಿ. ನಂದೊಂದೇ ಹೆಸರು ಹಾಕಬೇಡಿ, ನೆಲ ಚುಚ್ಚಿ ಮೈನು ಹುಡುಕೋದು ಒಬ್ಬನ ಕೆಲಸ ಅಲ್ಲ’ ಎಂದರು. 1971ರ ಡಿಸೆಂಬರಿನಲ್ಲಿ ಶಕರಗಢ ವಲಯದ ಬಸಂತರ್ ನದಿಯ ಬಳಿ ಟ್ಯಾಂಕುಗಳು ದಾಟಲು ಮದ್ರಾಸ್ ಸ್ಯಾಪರ್‌ಗಳು ಗುಂಡಿನ ಮಳೆಯ ನಡುವೆ ಮೈನು ತೆಗೆದು ದಾರಿ ಬಿಡಿಸಿದ ಕಥೆಯನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಆ ಕದನದ ಚರಿತ್ರೆಯಲ್ಲಿ ಟ್ಯಾಂಕಿನವರ ಹೆಸರು ನಮಗೆ ಬಾಯಿಪಾಠ, ಮಂಡಿಯೂರಿ ಅವರ ಮುಂದೆ ಸರಿದವರದು ಅಷ್ಟಾಗಿ ಅಲ್ಲ.

ನಕ್ಷೆ ಬದಲಾಯಿತು. ಪಟ ನಡುವೆ, ಪದಕಗಳು ಅದರ ಕೆಳಗೆ ಒಂದೇ ಸಾಲಿನಲ್ಲಿ. ಹಾರಕ್ಕೆ ಮೊಳೆ ಇಲ್ಲ. ಬರಹ ಕನ್ನಡದಲ್ಲಿ, ಹಲ್ಮಿಡಿಯ ಕ್ರಮದಲ್ಲಿ: ಯಾರು, ಯಾವ ದಳ, ಯಾವ ಗಡಿ, ಯಾವ ತಿಂಗಳು, ಏನು ಕೆಲಸ, ಕೊನೆಗೆ ಸಾಕ್ಷಿಗಳಾಗಿ ಪಟದಲ್ಲಿರುವವರ ಹೆಸರುಗಳು. ಪಟದ ಬೆನ್ನಿಗೆ ಅವರು ಅಂದೇ ಶಾಯಿಯಲ್ಲಿ ಬರೆದಿಟ್ಟ ಹೆಸರುಗಳಲ್ಲಿ ಕೆಲವು ನೀರು ತಾಗಿ ಕದಡಿವೆ. ಅವರು ಹೇಳುತ್ತ ಹೋದಂತೆ ಬರೆದುಕೊಂಡಿದ್ದೇವೆ, ಹುಟ್ಟೂರು ನೆನಪಿದ್ದವರ ಮುಂದೆ ಊರನ್ನೂ ಸೇರಿಸಿ. ಅವರಲ್ಲಿ ಹೆಚ್ಚಿನವರು ತಮಿಳುನಾಡು, ಆಂಧ್ರ, ಕೇರಳದವರು. ಪಟದ ಒಂದು ಪ್ರತಿಯನ್ನು ಈ ಹೆಸರುಪಟ್ಟಿಯೊಂದಿಗೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪಿನ (ಎಂ.ಇ.ಜಿ.) ಕೇಂದ್ರಕ್ಕೂ ಕಳಿಸುತ್ತಿದ್ದೇವೆ, ಆ ಮುಖಗಳಲ್ಲಿ ಒಂದನ್ನು ಹುಡುಕುತ್ತ ಯಾವುದಾದರೂ ಮನೆಯವರು ಅಲ್ಲಿಗೆ ಬಂದಾರು.