ಬದುಕಿ ಉಳಿದವರನ್ನು ಕಾನೂನು ಏನೆಂದು ಕರೆಯಿತು?

ಶುರು ಮಾಡೋ ಮುಂಚೆ ಒಂದು ಮಾತು. ಇವತ್ತಿನ ವಿಷಯ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರ ಬಗ್ಗೆ. ಈಗ ಕೇಳೋದು ಕಷ್ಟ ಅನ್ನಿಸಿದರೆ ನಿಲ್ಲಿಸಿ, ಇನ್ನೊಂದು ದಿನ ಕೇಳಿ. ಈಗಲೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲು ನಮ್ಮ ಮಾತನ್ನೇ ನೋಡಿ. 'ಆತ್ಮಹತ್ಯೆ.' ಆ ಪದದೊಳಗೇ ಹತ್ಯೆ ಇದೆ. ಹತ್ಯೆ ಅಂದ ಮೇಲೆ ಹಂತಕ ಇರಬೇಕು, ಪೊಲೀಸು ಬರಬೇಕು, ಕೋರ್ಟು ಬೇಕು. ನಮ್ಮ ದೇಶದ ಕಾನೂನು ಸುಮಾರು ಒಂದೂವರೆ ಶತಮಾನ ಇದನ್ನು ಅಕ್ಷರಶಃ ಹಾಗೇ ನಂಬಿತ್ತು.

ಈ ನಂಬಿಕೆ ಬಂದಿದ್ದು ಇಂಗ್ಲೆಂಡಿನಿಂದ. ಅಲ್ಲಿ ಪ್ರಾಣ ಕಳೆದುಕೊಂಡವರ ಆಸ್ತಿಯನ್ನು ರಾಜ ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಅವರನ್ನು ಚರ್ಚಿನ ಸ್ಮಶಾನದಲ್ಲಿ ಹೂಳದೆ ರಸ್ತೆ ಪಕ್ಕದಲ್ಲಿ ಹೂಳುತ್ತಿದ್ದರು. ಆ ಪದ್ಧತಿ ನಿಂತದ್ದು 1823ರ ಕಾಯಿದೆಯಿಂದ. ಆಸ್ತಿ ಮುಟ್ಟುಗೋಲು ಹೋಗಿದ್ದು 1870ರಲ್ಲಿ. ಆದರೆ ಯತ್ನಿಸಿ ಉಳಿದವರು ಅಪರಾಧಿಗಳು ಅನ್ನೋದು ಮಾತ್ರ ಹೋಗಲಿಲ್ಲ. ಅದು ಹೋಗಲು 1961ರ ತನಕ ಕಾಯಬೇಕಾಯಿತು. ಅಂದರೆ ನಮಗೆ ಸ್ವಾತಂತ್ರ್ಯ ಬಂದು 14 ವರ್ಷವಾದ ಮೇಲೆ ಬ್ರಿಟಿಷರು ತಮ್ಮ ಮನೆಯಲ್ಲಿ ಆ ಕಾನೂನನ್ನು ತೆಗೆದರು. ಫ್ರಾನ್ಸ್ ತನ್ನ ಕ್ರಾಂತಿಯ ಕಾಲದಲ್ಲೇ ತೆಗೆದುಹಾಕಿತ್ತು.

ಬ್ರಿಟಿಷರು 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅದನ್ನು 309ನೇ ಸೆಕ್ಷನ್ ಆಗಿ ನಮಗೆ ಕೊಟ್ಟುಹೋದರು. ಯತ್ನಿಸಿದವರಿಗೆ ಒಂದು ವರ್ಷದ ತನಕ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಇದರಲ್ಲೊಂದು ವಿಚಿತ್ರ ಇದೆ, ಗಮನಿಸಿ. ಪೂರ್ತಿ ಆದರೆ ಶಿಕ್ಷಿಸೋಕೆ ಯಾರೂ ಇರೋದಿಲ್ಲ. ಹಾಗಾಗಿ ಈ ಸೆಕ್ಷನ್ ಮುಟ್ಟುತ್ತಿದ್ದದ್ದು ಬದುಕಿದವರನ್ನು ಮಾತ್ರ. ಅವರ ಅಪರಾಧ ಅಂದರೆ, ಒಂದು ಅರ್ಥದಲ್ಲಿ, ಬದುಕಿ ಉಳಿದದ್ದು.

ಇಲ್ಲಿ ನನ್ನ ವಿಷಯ ಹೇಳಲೇಬೇಕು. ಯಾಕಂದರೆ ನಾನೂ ಉಳಿದವಳು. 2011ರಲ್ಲಿ, 24ನೇ ವಯಸ್ಸಿನಲ್ಲಿ. ಏನು, ಹೇಗೆ ಅನ್ನೋದು ಇಲ್ಲಿ ಬೇಡ. ಆಮೇಲಿನದು ಹೇಳ್ತೀನಿ.

ಕಣ್ಣು ಬಿಟ್ಟಾಗ ನನಗೆ ಸಂತೋಷ ಆಗಲಿಲ್ಲ. ಸಿನಿಮಾದಲ್ಲಿ ತೋರಿಸ್ತಾರಲ್ಲ, ಅಳುತ್ತಾ ಅಪ್ಪಿಕೊಳ್ಳೋದು, ಹೊಸ ಜನ್ಮ ಅನ್ನೋದು, ಅಂಥದ್ದೇನೂ ಇರಲಿಲ್ಲ. ಸುಸ್ತು ಇತ್ತು. ಸಿಟ್ಟು ಇತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. ಎರಡನೇ ದಿನ ವಾರ್ಡಿಗೆ ಒಬ್ಬ ಕಾನ್‌ಸ್ಟೇಬಲ್ ಬಂದು ಹೇಳಿಕೆ ಬರೆದುಕೊಳ್ಳೋಕೆ ಕೂತರು. ಕೆಟ್ಟ ಮನುಷ್ಯರಲ್ಲ, ಅವರ ಕೆಲಸ ಅದು. ಅಮ್ಮ ಮಾತ್ರ ಬಾಗಿಲ ಹತ್ತಿರ ನಿಂತು ಚಿಕ್ಕಪ್ಪನ ಕೈ ಹಿಡಿದುಕೊಂಡು, "ಗೊತ್ತಿಲ್ದೆ ಆಗಿದ್ದು ಅಂತ ಬರೆಸೋ, ಕೇಸ್ ಆದ್ರೆ ಇವಳ ಗತಿ ಏನು" ಅಂತ ಪಿಸುಗುಟ್ಟುತ್ತಿದ್ದಳು. ಹಾಗೇ ಬರೆಸಿದರು. ನಾನು ಸಹಿ ಹಾಕಿದೆ.

ಆ ಒಂದು ಸಹಿಯಿಂದ ಏನಾಯಿತು ಅಂದರೆ, ನನಗೆ ಆದದ್ದು ಆಗಲೇ ಇಲ್ಲ ಅಂತಾಯಿತು. ಗೊತ್ತಿಲ್ಲದೆ ಆದದ್ದಕ್ಕೆ ಮನೋವೈದ್ಯರು ಯಾಕೆ? ಐದು ದಿನಕ್ಕೆ ಮನೆಗೆ ಕಳಿಸಿದರು. ಇದು ನನ್ನೊಬ್ಬಳ ಕಥೆ ಅಲ್ಲ. 309ನೇ ಸೆಕ್ಷನ್‌ನಲ್ಲಿ ಜೈಲಿಗೆ ಹೋದವರಿಗಿಂತ, ಅದರ ಭಯಕ್ಕೆ ಸುಳ್ಳು ಹೇಳಿ ಚಿಕಿತ್ಸೆ ತಪ್ಪಿಸಿಕೊಂಡವರೇ ಹೆಚ್ಚು ಅಂತ ನಾನು ನಂಬ್ತೀನಿ.

ಇದು ತಪ್ಪು ಅಂತ ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು. 1971ರಲ್ಲೇ ಕಾನೂನು ಆಯೋಗ ತನ್ನ 42ನೇ ವರದಿಯಲ್ಲಿ ಈ ಸೆಕ್ಷನ್ ತೆಗೆಯಿರಿ ಅಂದಿತ್ತು. 1978ರಲ್ಲಿ ಮಸೂದೆ ರಾಜ್ಯಸಭೆಯಲ್ಲಿ ಪಾಸೂ ಆಯಿತು. 1979ರಲ್ಲಿ ಲೋಕಸಭೆ ವಿಸರ್ಜನೆಯಾಯಿತು, ಮಸೂದೆ ಬಿದ್ದುಹೋಯಿತು. 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಈಗಾಗಲೇ ನೊಂದವರನ್ನು ಮತ್ತೆ ಶಿಕ್ಷಿಸೋದು ಕ್ರೂರ ಅಂತ ಹೇಳಿ ಸೆಕ್ಷನ್ನನ್ನೇ ರದ್ದು ಮಾಡಿದರು. ಎರಡೇ ವರ್ಷ. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರೋದಿಲ್ಲ ಅಂತ ಹೇಳಿ ಅದಕ್ಕೆ ಮತ್ತೆ ಜೀವ ಕೊಟ್ಟಿತು. 2008ರಲ್ಲಿ ಕಾನೂನು ಆಯೋಗ 210ನೇ ವರದಿಯಲ್ಲಿ ಮತ್ತೆ ಅದೇ ಮಾತು ಹೇಳಿತು: ತೆಗೆಯಿರಿ.

ಈ ವಾದ ನಡೆದದ್ದೆಲ್ಲ ಸಾಯುವ ಹಕ್ಕು ಇದೆಯೋ ಇಲ್ಲವೋ ಅನ್ನೋದರ ಸುತ್ತ. ಉಳಿದವರಿಗೆ ನಾಳೆ ಬೆಳಗ್ಗೆ ಏನು ಬೇಕು ಅನ್ನೋ ಪ್ರಶ್ನೆ ಪಕ್ಕಕ್ಕೆ ಸರಿದಿತ್ತು. ಆ ಪ್ರಶ್ನೆಯನ್ನು ಕೇಳಿದವರು ವೈದ್ಯರು. ಅವರ ಇತಿಹಾಸ ಬೇರೆಯೇ ಇದೆ.

ಅಮೆರಿಕದಲ್ಲಿ ಜೆರೋಮ್ ಮೊಟ್ಟೊ ಅಂತ ಒಬ್ಬ ಮನೋವೈದ್ಯರಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ದೂರದಲ್ಲಿದ್ದಾಗ ಬರುತ್ತಿದ್ದ ಪತ್ರಗಳು ಮನಸ್ಸನ್ನು ಹೇಗೆ ಹಿಡಿದಿಟ್ಟವು ಅನ್ನೋದು ಅವರಿಗೆ ನೆನಪಿತ್ತು. ಆಸ್ಪತ್ರೆಯಿಂದ ಹೋದಮೇಲೆ ಮುಂದಿನ ಚಿಕಿತ್ಸೆಯೇ ಬೇಡ ಅಂದ 843 ಜನರನ್ನು ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದಕ್ಕೆ ಐದು ವರ್ಷಗಳಲ್ಲಿ 24 ಪತ್ರ. ಪತ್ರದಲ್ಲಿ ಉಪದೇಶ ಇಲ್ಲ, ಅಪಾಯಿಂಟ್‌ಮೆಂಟ್ ಇಲ್ಲ. ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬರೆಯಬೇಕು ಅನ್ನಿಸಿದರೆ ಬರೆಯಿರಿ, ಇಷ್ಟೇ. ಮೊದಲ ಎರಡು ವರ್ಷ ಪತ್ರ ಪಡೆದವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ ಇತ್ತು.

ನಮ್ಮ ಹತ್ತಿರದ ಉದಾಹರಣೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ, ಯತ್ನಿಸಿ ಉಳಿದ 1,867 ಜನರ ನಡುವೆ ಒಂದು ಪ್ರಯೋಗ ಮಾಡಿತು. ಐದರಲ್ಲಿ ಒಂದು ಜಾಗ ಚೆನ್ನೈ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ ಮನೆಗೆ ಹೋಗುವ ಮುನ್ನ ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಫಲಿತಾಂಶ 2008ರಲ್ಲಿ ಬಂತು. ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 2.2. ಇನ್ನೊಂದರಲ್ಲಿ ಶೇ. 0.2. ದುಬಾರಿ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ಒಬ್ಬರು ಮತ್ತೆ ಮತ್ತೆ ವಿಚಾರಿಸಿದರು, ಅಷ್ಟೇ.

ಇದನ್ನು ಓದಿದಾಗ ನನಗೆ ಚಿಕ್ಕಪ್ಪ ನೆನಪಾದರು. ನಾನು ಮನೆಗೆ ಬಂದ ಮೇಲೆ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಅವರ ಫೋನು. "ಊಟ ಆಯ್ತೇನಮ್ಮಾ?" ಆಯ್ತು ಚಿಕ್ಕಪ್ಪ. "ಏನು ಮಾಡಿದ್ರು?" ಸಾರು. "ಸರಿ, ಇಡ್ಲಾ?" ಇಷ್ಟೇ ಮಾತು. ಎರಡು ವರ್ಷ ನಡೆಯಿತು. ಯಾಕೆ ಹಂಗೆ ಮಾಡ್ಕೊಂಡೆ ಅಂತ ಒಂದು ದಿನವೂ ಕೇಳಲಿಲ್ಲ. ಅವರಿಗೆ ಮೊಟ್ಟೊ ಯಾರಂತ ಗೊತ್ತಿರಲಿಲ್ಲ. ಭಾನುವಾರದ ತನಕ ಇರಬೇಕು ಅಂತ ಕೆಲವು ವಾರ ನಾನು ಇದ್ದದ್ದು ಆ ಫೋನಿಗೋಸ್ಕರ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾದರೆ ಉಳಿದವರಿಗೆ ಆಮೇಲೆ ಬದುಕಿನ ಬಗ್ಗೆ ಏನನ್ನಿಸುತ್ತೆ? ಒಂದೇ ಉತ್ತರ ಇಲ್ಲ. ಕೆಲವರಿಗೆ ಅದೇ ಕ್ಷಣ ಉಳಿದದ್ದೇ ಒಳ್ಳೇದಾಯ್ತು ಅನ್ನಿಸುತ್ತೆ. ಕೆಲವರಿಗೆ ವರ್ಷಗಳು ಬೇಕು. ಆಸ್ಪತ್ರೆಯಿಂದ ಹೊರಬಂದ ಮೊದಲ ವಾರಗಳು, ತಿಂಗಳುಗಳು ನಿಜಕ್ಕೂ ನಾಜೂಕು. ಹಿಂದೊಮ್ಮೆ ಯತ್ನಿಸಿದವರಿಗೆ ಅಪಾಯ ಹೆಚ್ಚು ಅನ್ನೋದೂ ನಿಜ. ಅದರ ಜೊತೆಗೇ ಇನ್ನೊಂದು ನಿಜ ಇದೆ. ಸಂಶೋಧಕ ರಿಚರ್ಡ್ ಸೈಡನ್ 1978ರಲ್ಲಿ, ಕೊನೇ ಗಳಿಗೆಯಲ್ಲಿ ಯಾರೋ ತಡೆದಿದ್ದರಿಂದ ಉಳಿದ 515 ಜನ ಮುಂದೆ ಏನಾದರು ಅಂತ ಹುಡುಕಿದರು. ಸುಮಾರು ಶೇ. 94 ಮಂದಿ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ಅಂದರೆ ಆ ಗಳಿಗೆ ದಾಟುತ್ತೆ. ತಡೆದರೆ ಇನ್ನೆಲ್ಲೋ ಹೋಗಿ ಮಾಡ್ಕೊಳ್ತಾರೆ ಅನ್ನೋ ಮಾತು ಹೆಚ್ಚಿನವರ ವಿಷಯದಲ್ಲಿ ಸುಳ್ಳು.

ನನಗೆ ಬದುಕು ಹಬ್ಬದ ಹಾಗೆ ವಾಪಸ್ ಬರಲಿಲ್ಲ. ಸಾಲ ತೀರಿಸೋ ಹಾಗೆ ಕಂತಿನಲ್ಲಿ ಬಂತು. ಒಂದು ದಿನ ಕಾಫಿ ರುಚಿಯಾಗಿದೆ ಅನ್ನಿಸಿತು. ಇನ್ನೊಂದು ದಿನ ತಂಗಿಯ ಜೊತೆ ಜಗಳವಾಡಿದೆ, ಸಿಟ್ಟು ಬಂದದ್ದು ಖುಷಿಯಾಯಿತು. ಮೂರನೇ ವರ್ಷ ಮುಂದಿನ ವರ್ಷಕ್ಕೆ ರೈಲು ಪ್ರವಾಸದ ಯೋಚನೆ ಮಾಡಿದೆ. ಈಗಲೂ ಕೆಟ್ಟ ದಿನಗಳಿವೆ. ಆಗ ಯಾರಿಗೆ ಫೋನ್ ಮಾಡಬೇಕು ಅನ್ನೋದು ಗೊತ್ತಿದೆ, ಅದೇ ದೊಡ್ಡ ವ್ಯತ್ಯಾಸ.

ಕಾನೂನೂ ಕಂತಿನಲ್ಲೇ ಬದಲಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ 29ಕ್ಕೆ ಜಾರಿಗೆ ಬಂತು. ಅದರ 115ನೇ ಸೆಕ್ಷನ್ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೇ 309 ಇಲ್ಲ. ಸರ್ಕಾರಿ ನೌಕರರ ಕರ್ತವ್ಯದ ವಿಷಯದಲ್ಲಿ ಅವರ ಮೇಲೆ ಒತ್ತಡ ಹೇರಲು ಯತ್ನಿಸಿದರೆ ಮಾತ್ರ ಅಪರಾಧ ಅನ್ನೋ 226ನೇ ಸೆಕ್ಷನ್ ಇದೆ.

ಆದರೆ ಪುಸ್ತಕದಿಂದ ಹೋದದ್ದು ನಾಲಿಗೆಯಿಂದ ಅಷ್ಟು ಬೇಗ ಹೋಗಲ್ಲ. "ಪೊಲೀಸ್ ಕೇಸ್ ಆಗುತ್ತೆ" ಅನ್ನೋ ಭಯ ಊರೂರಲ್ಲಿ ಈಗಲೂ ಇದೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಆಫೀಸಿನಲ್ಲಿ ಹೀಗೆ ಉಳಿದವರು ಯಾರಾದರೂ ಇದ್ದರೆ ಈ ಎರಡು ವಿಷಯ ಹೇಳಿ: ನೊಂದು ಹಾಗೆ ಮಾಡಿಕೊಂಡವರನ್ನು ಕಾನೂನು ಈಗ ಅಪರಾಧಿ ಅನ್ನೋದಿಲ್ಲ, ಡಾಕ್ಟರ ಹತ್ತಿರ ನಿಜ ಹೇಳಬಹುದು. ಆಮೇಲೆ ಕಾರಣ ಕೆದಕಬೇಡಿ. ಮುಂದಿನ ವಾರ ಫೋನ್ ಮಾಡಿ. ಅದರ ಮುಂದಿನ ವಾರವೂ ಮಾಡಿ.

ಮತ್ತೊಮ್ಮೆ ಹೇಳ್ತೀನಿ, ಬರೆದಿಟ್ಟುಕೊಳ್ಳಿ: ಟೆಲಿ ಮಾನಸ್, 14416.