ಹುಲ್ಲು: 0 ಕೆ.ಜಿ.

ಊರು ಹರದನಹಳ್ಳಿ ಅಂದ ತಕ್ಷಣ ಆಫೀಸಲ್ಲಿ ಎಲ್ಲರೂ ‘ಓ, ದೇವೇಗೌಡ್ರ ಊರಾ?’ ಅಂತಾರೆ. ಅದು ಹೊಳೆನರಸೀಪುರದ ಹರದನಹಳ್ಳಿ. ನಮ್ಮದು ಚಾಮರಾಜನಗರದ ಪಕ್ಕದ್ದು. ದಿವ್ಯಲಿಂಗೇಶ್ವರನ ದೇವಸ್ಥಾನ ಇರೋದು, ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರು ಅಂತ ಹೆಸರಾಗಿರೋದು ಇದು. ಹಳಗನ್ನಡದಲ್ಲಿ ‘ಹರದ’ ಅಂದರೆ ವ್ಯಾಪಾರಿ. ಹಾಗಾಗಿ ಲೆಕ್ಕಾಚಾರ ನಮ್ಮೂರಿನ ಹೆಸರಲ್ಲೇ ಇದೆ ಅಂತ ನಾನು ಜಂಬ ಕೊಚ್ಚಿಕೊಳ್ಳೋದುಂಟು. ಆ ಜಂಬ ಇಳಿದದ್ದು ನಮ್ಮ ಮನೆ ಕೊಟ್ಟಿಗೆಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಅವ್ವ ಒಬ್ಬಳೇ. ಜೊತೆಗೊಂದು ಸೀಮೆಹಸು. ಹಿಂಡಿ, ಬೂಸದ ರೇಟು ನೋಡಿದರೆ ಆ ಹಸು ದಂಡ ಅಂತ ನನ್ನ ನಂಬಿಕೆ. ಸುಮ್ಮನೆ ಹೇಳಿದರೆ ಅವ್ವ ಕೇಳಲ್ಲ, ಲೆಕ್ಕ ಮಾಡಿ ತೋರಿಸೋಣ ಅಂತ ಒಂದು ಶನಿವಾರ ಲ್ಯಾಪ್‌ಟಾಪ್ ಹಿಡಿದು ಜಗುಲಿ ಮೇಲೆ ಕೂತೆ. ಆರನೇ ಸೆಮಿಸ್ಟರಿನಲ್ಲಿ ಆಪರೇಷನ್ಸ್ ರಿಸರ್ಚ್ ಓದಿದ್ದೆನಲ್ಲ! ಮೊದಲ ಅಧ್ಯಾಯವೇ ‘ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಯ ಫಾರ್ಮುಲೇಶನ್’. ಕುರ್ಚಿ ಎಷ್ಟು, ಟೇಬಲ್ ಎಷ್ಟು ಮಾಡಿದರೆ ಲಾಭ ಜಾಸ್ತಿ ಅನ್ನೋ ಲೆಕ್ಕ ನಿಮಗೂ ನೆನಪಿರಬಹುದು.

ಮೂರೇ ಹೆಜ್ಜೆ. ಏನನ್ನು ತೀರ್ಮಾನ ಮಾಡಬೇಕು? ದಿನಕ್ಕೆ ಎಷ್ಟು ರಾಗಿ ಹುಲ್ಲು, ಎಷ್ಟು ಬೂಸ, ಎಷ್ಟು ಕಡ್ಲೆಕಾಯಿ ಹಿಂಡಿ, ಎಷ್ಟು ಮುಸುಕಿನ ಜೋಳದ ನುಚ್ಚು ಅನ್ನೋದನ್ನ. ಗುರಿ ಏನು? ಖರ್ಚು ಆದಷ್ಟು ಕಮ್ಮಿ ಆಗಬೇಕು. ಕಟ್ಟುಪಾಡು ಏನು? ಹತ್ತು ಲೀಟರ್ ಹಾಲು ಕೊಡೋ ಹಸುವಿಗೆ ದಿನಕ್ಕೆ ಸುಮಾರು 1.25 ಕೆ.ಜಿ. ಪ್ರೋಟೀನ್ ಸಿಗಬೇಕು, ಬೇಕಾದಷ್ಟು ಶಕ್ತಿ ಸಿಗಬೇಕು, ಒಟ್ಟು ಮೇವಿನ ಒಣ ಅಂಶ 12 ಕೆ.ಜಿ. ದಾಟಬಾರದು. ರನ್ ಕೊಟ್ಟೆ. ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಬಂತು: ಜೋಳದ ನುಚ್ಚು ಆರು ಕೆ.ಜಿ. ಹತ್ತಿರ, ಹಿಂಡಿ ಒಂದೂಮುಕ್ಕಾಲು ಕೆ.ಜಿ. ಹತ್ತಿರ. ಹುಲ್ಲು: 0 ಕೆ.ಜಿ.

ಓದಿ ಹೇಳಿದೆ. ಅವ್ವ ಸಗಣಿ ಕೈಯಲ್ಲೇ ನಿಂತು ಕೇಳಿದಳು: “ಹುಲ್ಲೇ ಹಾಕ್ದೆ ಇದ್ರ ಹಸ ಏನ ಮೆಲುಕಾಕ್ತದ ಮಗ? ನಿನ್ ಕಂಪ್ಯೂಟ್ರನಾ?”

ಅವಮಾನ ಆಯ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಈ ವಿದ್ಯೆಯ ಚರಿತ್ರೆ ಓದ್ತಾ ಹೋದೆ. ಇದನ್ನು ಕಟ್ಟಿದವರೇ ನನಗಿಂತ ಜೋರಾಗಿ ಬಿದ್ದಿದ್ದಾರೆ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು.

ಮೊದಲು ಹೆಸರಿನ ವಿಷಯ. ಇಲ್ಲಿ ‘ಪ್ರೋಗ್ರಾಮಿಂಗ್’ ಅಂದರೆ ನಾವು ಹೊಟ್ಟೆಪಾಡಿಗೆ ಮಾಡೋ ಕೋಡಿಂಗ್ ಅಲ್ಲ. ತರಬೇತಿಗೆ, ಸರಂಜಾಮು ಸಾಗಾಣಿಕೆಗೆ ಹಾಕೋ ಯೋಜನೆಯನ್ನ ಅಮೆರಿಕದ ಸೇನೆಯವರು ‘ಪ್ರೋಗ್ರಾಮ್’ ಅಂತ ಕರೀತಿದ್ರು. ಅಲ್ಲಿನ ವಾಯುಪಡೆಗೆ ಕೆಲಸ ಮಾಡ್ತಿದ್ದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಇಂಥ ಯೋಜನೆಗಳನ್ನ ಬಿಡಿಸೋ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದ. ಮುಂದಿನ ವರ್ಷ ‘ಲೀನಿಯರ್ ಪ್ರೋಗ್ರಾಮಿಂಗ್’ ಅನ್ನೋ ಹೆಸರು ಸೂಚಿಸಿದವನು ಅರ್ಥಶಾಸ್ತ್ರಜ್ಞ ಟ್ಯಾಲಿಂಗ್ ಕೂಪ್‌ಮನ್ಸ್. ಇದಕ್ಕೂ ಮುಂಚೆ, 1939ರಲ್ಲೇ, ಸೋವಿಯತ್ ಒಕ್ಕೂಟದ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮದವರು ತಂದ ಪ್ರಶ್ನೆಯಿಂದ ಇದೇ ದಾರಿ ಹಿಡಿದಿದ್ದ. ಯಾವ ಮರವನ್ನ ಯಾವ ಯಂತ್ರಕ್ಕೆ ಕೊಟ್ಟರೆ ಉತ್ಪಾದನೆ ಹೆಚ್ಚು ಅನ್ನೋದು ಅವರ ಪ್ರಶ್ನೆ. 1975ರ ಅರ್ಥಶಾಸ್ತ್ರದ ನೊಬೆಲ್ ಕೂಪ್‌ಮನ್ಸ್ ಮತ್ತು ಕಾಂಟೊರೊವಿಚ್ ಇಬ್ಬರಿಗೂ ಬಂತು. ಡಾಂಟ್ಜಿಗ್‌ಗೆ ಬರಲಿಲ್ಲ.

ಆದರೆ ನನ್ನ ಹಸುವಿನ ಲೆಕ್ಕದ ನಿಜವಾದ ಅಜ್ಜ ಇನ್ನೊಬ್ಬ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡ: ಒಬ್ಬ ಮನುಷ್ಯ ವರ್ಷವಿಡೀ ಆರೋಗ್ಯವಾಗಿರೋಕೆ ಬೇಕಾದ 9 ಪೋಷಕಾಂಶಗಳನ್ನ, 77 ಆಹಾರ ಪದಾರ್ಥಗಳಲ್ಲಿ ಆರಿಸಿ, ಅತಿ ಕಮ್ಮಿ ದುಡ್ಡಿಗೆ ಒದಗಿಸೋದು ಹೇಗೆ? ಸಿಂಪ್ಲೆಕ್ಸ್ ಇನ್ನೂ ಹುಟ್ಟಿರಲಿಲ್ಲ. ಜಾಣ ಅಂದಾಜಿನಲ್ಲೇ ಅವನು ಕಂಡ ಉತ್ತರ, 1939ರ ಬೆಲೆಯಲ್ಲಿ, ವರ್ಷಕ್ಕೆ 39.93 ಡಾಲರ್. ಊಟ ಅಂದರೆ ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು. ಇದನ್ನ ಯಾರಿಗೂ ಊಟ ಅಂತ ಶಿಫಾರಸು ಮಾಡ್ತಿಲ್ಲ ಅಂತ ಅವನೇ ಎಚ್ಚರಿಕೆಯನ್ನೂ ಕೊಟ್ಟ.

1947ರಲ್ಲಿ ಸಿಂಪ್ಲೆಕ್ಸನ್ನ ಪರೀಕ್ಷೆಗೆ ಹಚ್ಚಿದ್ದು ಇದೇ ಸಮಸ್ಯೆಯ ಮೇಲೆ. ಜಾಕ್ ಲೇಡರ್‌ಮನ್ ಅನ್ನುವವನ ಉಸ್ತುವಾರಿಯಲ್ಲಿ ಗುಮಾಸ್ತರು ಮೇಜಿನ ಮೇಲಿನ ಕ್ಯಾಲ್ಕುಲೇಟರುಗಳನ್ನ ಕುಟ್ಟುತ್ತಾ ಕೂತರು. ಒಬ್ಬನೇ ಕೂತು ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ. ಸಿಕ್ಕ ಉತ್ತರ 39.69 ಡಾಲರ್. ಸ್ಟಿಗ್ಲರ್‌ನ ಅಂದಾಜು ತಪ್ಪಿದ್ದು ಬರೀ 24 ಸೆಂಟ್!

ಈಗ ಬಿದ್ದ ಕಥೆ. 1950ರ ದಶಕದ ಶುರುವಿನಲ್ಲಿ ಡಾಂಟ್ಜಿಗ್ ರ‍್ಯಾಂಡ್ ಸಂಸ್ಥೆಯಲ್ಲಿದ್ದ. ತೂಕ ಇಳಿಸು ಅಂತ ಡಾಕ್ಟರು ಹೇಳಿದರು. ನಾಳೆಯಿಂದ ಕಂಪ್ಯೂಟರ್ ಹೇಳಿದ್ದನ್ನೇ ತಿಂತೀನಿ ಅಂತ ಹೆಂಡತಿ ಆ್ಯನ್‌ಗೆ ಘೋಷಿಸಿಯೇಬಿಟ್ಟ. ಹೊಟ್ಟೆ ತುಂಬಿದ ಹಾಗೆ ಅನ್ನಿಸಬೇಕು ಅನ್ನೋದು ಅವನ ಗುರಿ. ಅದಕ್ಕೇ ನೀರಿನಂಶ ಕಳೆದು ಉಳಿಯೋ ಆಹಾರದ ತೂಕ ಆದಷ್ಟು ಜಾಸ್ತಿ ಇರಲಿ ಅಂತ ಬರೆದ. ಐಬಿಎಂ 701 ಕಂಪ್ಯೂಟರ್ ಕೊಟ್ಟ ಮೊದಲ ಊಟದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು. ಅಂದರೆ ಸುಮಾರು 1,900 ಲೀಟರ್! ಪಟ್ಟಿಯಲ್ಲಿ ವಿನೆಗರಿನ ನೀರಿನಂಶ ಸೊನ್ನೆ ಅಂತ ನಮೂದಾಗಿತ್ತು, ಅದಕ್ಕೇ ಅದು ಗೆದ್ದಿತ್ತು. ವಿನೆಗರ್ ತೆಗೆದ. ಮರುದಿನ ದಿನಕ್ಕೆ 200 ಸೂಪ್ ಗಟ್ಟಿ ಅಂತ ಬಂತು. ಉಪ್ಪಿಗೆ ಮಿತಿ ಹಾಕಿರಲಿಲ್ಲ. ಮೂರು ಗಟ್ಟಿ ಬಿಸಿನೀರಿಗೆ ಹಾಕಿ ಕುಡಿಯೋಕೆ ಹೋಗಿ ಉಗಿದ. ಅದಕ್ಕೊಂದು ಮಿತಿ ಹಾಕಿದರೆ, ಆಮೇಲೆ ರಾಶಿ ತೌಡು ಬಂತು. ಕೊನೆಗೆ ಆ್ಯನ್‌ಗೆ ಸಾಕಾಯ್ತು, ಊಟದ ಪಟ್ಟಿ ತಾನೇ ಮಾಡಿದಳು. ಅವಳ ಕೈಯಲ್ಲಿ ಅವನು ಇಳಿಸಿದ್ದು 22 ಪೌಂಡ್, ಹತ್ತು ಕೆ.ಜಿ.

ಗಮನಿಸಿ, ಯಂತ್ರ ಒಂದು ಸಲವೂ ತಪ್ಪು ಲೆಕ್ಕ ಮಾಡಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಎಡವಟ್ಟಾಗಿದ್ದು ಪ್ರಶ್ನೆ ಬರೆದ ಕಡೆ. ಪರೀಕ್ಷೆಯಲ್ಲಿ ಫಾರ್ಮುಲೇಶನ್ ಅಂದರೆ ‘ಈಸಿ ಮಾರ್ಕ್ಸ್’ ಅಂದುಕೊಂಡಿದ್ದೆವು. ಯಾಕಂದ್ರೆ ಅಲ್ಲಿ ಕಟ್ಟುಪಾಡುಗಳನ್ನೆಲ್ಲ ಪ್ರಶ್ನೆಪತ್ರಿಕೆಯೇ ಹೇಳಿಕೊಡುತ್ತೆ. ಕೊಟ್ಟಿಗೆಯಲ್ಲಿ ಅದನ್ನ ಯಾರೂ ಅಚ್ಚು ಹಾಕಿಸಿ ಕೊಡಲ್ಲ.

ಮನುಷ್ಯರು ಒಪ್ಪದ ಈ ಲೆಕ್ಕ ದನಗಳ ಕಡೆಗೆ ಬೇಗ ತಿರುಗಿತು. 1951ರಲ್ಲಿ ಫ್ರೆಡರಿಕ್ ವಾ ಎಂಬ ಕೃಷಿ ಅರ್ಥಶಾಸ್ತ್ರಜ್ಞ, ಹಾಲು ಕರೆಯೋ ಹಸುಗಳಿಗೆ ಅತಿ ಕಮ್ಮಿ ಖರ್ಚಿನ ಮೇವು ಯಾವುದು ಅಂತ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲೇ ಬಿಡಿಸಿ ಪ್ರಕಟಿಸಿದ. ಆ ಎಳೆ ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ಆಡುಗೋಡಿಯಲ್ಲಿ, ಕೋರಮಂಗಲಕ್ಕೆ ಹೋಗೋ ನಾವೆಲ್ಲ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳೋ ಜಾಗದಲ್ಲೇ, 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಇದೆ. ಮೇವಿನ ಲೆಕ್ಕಕ್ಕೆ ಅವರು ‘ಫೀಡ್ ಅಸಿಸ್ಟ್’ ಅನ್ನೋ ಸಾಫ್ಟ್‌ವೇರ್ ಮಾಡಿದ್ದಾರೆ. 2012ರಲ್ಲಿ ಶುರುವಾದ ರಾಷ್ಟ್ರೀಯ ಡೇರಿ ಯೋಜನೆಯಲ್ಲಿ ಸಮತೋಲನ ಆಹಾರದ ಕಾರ್ಯಕ್ರಮ ಇತ್ತು, ಕರ್ನಾಟಕವೂ ಅದರಲ್ಲಿತ್ತು. ಅದರ ಕ್ರಮ ನನಗೆ ತುಂಬಾ ಹಿಡಿಸಿತು. ತರಬೇತಿ ಪಡೆದ ಊರಿನವರೇ ಒಬ್ಬರು ಮನೆಗೆ ಬರ್ತಾರೆ. ಹಸುವಿನ ಕಿವಿಯೋಲೆಯ 12 ಅಂಕಿ ಬರ್ಕೊತಾರೆ. ಎದೆ ಸುತ್ತಳತೆಗೆ ಟೇಪು ಹಿಡಿದು ತೂಕ ಅಂದಾಜು ಮಾಡ್ತಾರೆ. ಹಾಲು ಎಷ್ಟು, ಫ್ಯಾಟ್ ಎಷ್ಟು, ಈಗ ಏನು ಹಾಕ್ತಿದ್ದೀರಿ, ಮನೆಯಲ್ಲಿ ಏನೇನಿದೆ ಅಂತ ಕೇಳ್ತಾರೆ. ಇಷ್ಟೆಲ್ಲ ಆದ ಮೇಲೇ ಸಾಫ್ಟ್‌ವೇರಿನ ಸರದಿ. ನಾನು ಹಸುವಿನ ಹತ್ತಿರಕ್ಕೂ ಹೋಗಿರಲಿಲ್ಲ, ಅವ್ವನನ್ನ ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಕೇಳಿದೆ. ಹುಲ್ಲಿಗೆ ನಾನು ಹಾಕಿದ್ದು ಬೇಸಿಗೆಯಲ್ಲಿ ಕೊಂಡು ತರೋ ರೇಟು. ಅವ್ವನದು ಹೊಲದಲ್ಲಿ ಬೆಳೆದ ರಾಗಿ ಹುಲ್ಲು, ಹಿತ್ತಲಲ್ಲೇ ಮೆದೆ ಇದೆ. ಅಲ್ಲಿಗೆ ಬೆಲೆ ತಪ್ಪಿತ್ತು. ಮೆಲುಕು ಹಾಕೋ ಪ್ರಾಣಿಗೆ ನಾರು ಬೇಕೇ ಬೇಕು, ಒಣ ಅಂಶದಲ್ಲಿ ನೂರಕ್ಕೆ ನಲವತ್ತು ಭಾಗವಾದರೂ ಮೇವೇ ಇರಬೇಕು. ಇಲ್ಲದಿದ್ದರೆ ಹೊಟ್ಟೆ ಕೆಟ್ಟು ಮಲಗುತ್ತೆ. ಆ ಸಾಲನ್ನೇ ನಾನು ಬರೆದಿರಲಿಲ್ಲ. ಮೂರನೆಯದನ್ನ ಅವ್ವ ಮೆದೆ ಕಡೆ ಕೈ ತೋರಿಸಿ ಹೇಳಿದಳು: “ಇದು ಮುಂದ್ಲ ರಾಗಿ ಕುಯ್ಲಿನ ತಂಕ ಬರ್ಬೇಕು.” 2016–17ರ ಬರದಲ್ಲಿ ನಮ್ಮ ಮೆದೆ ಬೇಸಿಗೆಗೆ ಮೊದಲೇ ಮುಗಿದಿತ್ತು. ಆಗ ಎರಡು ಹಸು ಇದ್ದವು, ಒಂದನ್ನ ಕೇಳಿದ ಬೆಲೆಗೆ ಕೊಟ್ಟುಬಿಟ್ಟಿದ್ದೆವು. ನನ್ನ ಲೆಕ್ಕ ಒಂದು ದಿನದ್ದು, ಅವ್ವನದು ಒಂದು ವರ್ಷದ್ದು.

ಮೂರೂ ಸೇರಿಸಿ ಮತ್ತೆ ರನ್ ಕೊಟ್ಟೆ. ಹುಲ್ಲು ವಾಪಸ್ ಬಂತು. ಅವ್ವ ಹಾಕ್ತಿದ್ದುದಕ್ಕಿಂತ ಹಿಂಡಿ ಅರ್ಧ ಕೆ.ಜಿ. ಕಮ್ಮಿ ಸಾಕು ಅಂತಲೂ ಬಂತು. ಅದನ್ನ ಒಪ್ಪಿದಳು. ಖನಿಜ ಮಿಶ್ರಣ ಹಾಕು ಅಂದಿದ್ದಕ್ಕೆ ಡೇರಿಯಿಂದ ಪ್ಯಾಕೆಟ್ ತಂದಳು. ಇಷ್ಟಾದರೂ ಕೂಲಿ ಹಿಡಿದು ನೋಡಿದರೆ ಲಾಭ ಅಷ್ಟಕ್ಕಷ್ಟೇ. ಮೆಲ್ಲಗೆ ಬೆಂಗಳೂರಿನ ಮಾತು ತೆಗೆದೆ.

“ನಿನ್ ಮನಲಿ ಬೆಳಗ್ಗ ಎದ್ದು ಏನ ಮಾಡ್ಲಿ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಡೇರಿ ಬಟವಾಡೆ ಬತ್ತದಲ್ಲ, ಅದ್ಕ ನಾ ಯಾರ್ನೂ ಕೇಳ್ಬೇಕಾಗಿಲ್ಲ” ಅಂತ ಸೇರಿಸಿದಳು.

ಗುರಿಯ ಸಾಲಲ್ಲಿ ನಾನು ಬರೆದಿದ್ದು ‘ಖರ್ಚು ಕನಿಷ್ಠ’ ಅಂತ. ಬಟವಾಡೆಯ ದುಡ್ಡು ಅವಳ ಕೈಯಲ್ಲೇ ಇರಬೇಕು ಅನ್ನೋದು ಅಲ್ಲಿ ಎಲ್ಲೂ ಇರಲಿಲ್ಲ. ಸಂಜೆ ಬಸ್ಸಲ್ಲಿ ಲ್ಯಾಪ್‌ಟಾಪ್ ತೆರೆದಾಗ ಫೈಲಿನ ಹೆಸರು ಕಣ್ಣಿಗೆ ಬಿತ್ತು. ಶನಿವಾರ ನಾನೇ ಇಟ್ಟಿದ್ದೆ: ‘ಹಸು ಮಾರಾಟ’. ಲೆಕ್ಕ ಶುರು ಮಾಡೋಕೆ ಮುಂಚೆಯೇ ಉತ್ತರ ಬರೆದಿಟ್ಟುಕೊಂಡಿದ್ದೆ.